ಚೀನೀ ವೈದ್ಯದ ಪಾಠಕ್ಕೆ ಮಿಕ್ಸೆಡ್ ರಿಯಾಲಿಟಿ: ಹೆಡ್‌ಸೆಟ್ ತೋರಿಸುವುದೆಷ್ಟು, ಕಲಿಸುವುದೆಷ್ಟು?

ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ, ಬೆನ್ನಿನ ಕಡೆ, ಒಂದು ಮೂಳೆ ಉಬ್ಬಿ ಕಾಣುತ್ತದೆ. ಅಲ್ಲಿಂದ ಭುಜದ ತುದಿಯವರೆಗೆ ಗೆರೆ ಎಳೆದು ಸರಿಯಾಗಿ ನಡುವೆ ಬೆರಳಿಟ್ಟರೆ ಅದೇ ಜಿಯಾನ್‌ಜಿಂಗ್ ಬಿಂದು. ಕುತ್ತಿಗೆ ನೋವು, ಭುಜ ಹಿಡಿದುಕೊಳ್ಳುವುದು ಇತ್ಯಾದಿಗೆ ಆಕ್ಯುಪಂಕ್ಚರ್ ವೈದ್ಯರು ಸೂಜಿ ಹಾಕುವ ಜಾಗ. ಚರ್ಮದ ಕೆಳಗೆ ದಪ್ಪ ಸ್ನಾಯು, ಅದರ ಕೆಳಗೆ ಶ್ವಾಸಕೋಶದ ಮೇಲ್ತುದಿ. ತೆಳ್ಳಗಿನ ಮೈಯವರಲ್ಲಿ ಸೂಜಿ ನೇರವಾಗಿ ತುಸು ಹೆಚ್ಚು ಇಳಿದರೂ ಶ್ವಾಸಕೋಶದ ಪೊರೆ ತೂತಾಗಿ ಎದೆಗೂಡಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಇದನ್ನು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಆಕ್ಯುಪಂಕ್ಚರ್‌ನಿಂದಾದ ಗಂಭೀರ ಅಪಾಯಗಳ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು.

ಈ ಆಳವನ್ನು ವಿದ್ಯಾರ್ಥಿಗೆ ಮನವರಿಕೆ ಮಾಡಿಸುವುದು ಸುಲಭವಲ್ಲ. ಪುಸ್ತಕದ ಚಿತ್ರ ಚಪ್ಪಟೆ. ಪ್ಲಾಸ್ಟಿಕ್ ಮಾದರಿಯ ಮೇಲೆ ಚುಕ್ಕೆಗಳಿರುತ್ತವೆ, ಒಳಗೆ ಟೊಳ್ಳು. ಶವಚ್ಛೇದನದಲ್ಲಿ ನೋಡೋಣವೆಂದರೆ ಚೀನಾದಲ್ಲಿ ದೇಹದಾನ ಮಾಡುವವರು ಮೊದಲಿನಿಂದಲೂ ಕಡಿಮೆ. ಸಿಕ್ಕ ದೇಹಗಳು ಆಧುನಿಕ ವೈದ್ಯಕೀಯ ಕಾಲೇಜುಗಳಿಗೇ ಸಾಲುವುದಿಲ್ಲ. ಈ ಕೊರತೆ ಇರುವ ಕಡೆಯೇ ಮಿಕ್ಸೆಡ್ ರಿಯಾಲಿಟಿ ಕಾಲಿಟ್ಟಿದೆ. ಕನ್ನಡಕದಂತೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಹಾಕಿಕೊಂಡ ವಿದ್ಯಾರ್ಥಿಗೆ ಎದುರು ಕುಳಿತ ಸಹಪಾಠಿಯ ನಿಜವಾದ ಭುಜವೂ ಕಾಣುತ್ತದೆ, ಅದರ ಮೇಲೆ ಬೆಳಕಿನಲ್ಲಿ ಬಿಡಿಸಿದಂತೆ ಪಕ್ಕೆಲುಬು, ರಕ್ತನಾಳ, ಶ್ವಾಸಕೋಶವೂ ಕಾಣುತ್ತವೆ. ಸೂಜಿಯನ್ನು ಯಾವ ಕೋನದಲ್ಲಿ ಹಿಡಿದರೆ ಅದರ ತುದಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಚುಚ್ಚುವ ಮೊದಲೇ ತೋರಿಸಬಹುದು.

ಇಷ್ಟಕ್ಕೆ ಯಾರದೂ ತಕರಾರಿರಬಾರದು. ತಕರಾರು ಏಳುವುದು ಅದೇ ಭುಜದ ಮೇಲೆ ಇನ್ನೊಂದು ಗೆರೆಯೂ ಹೊಳೆಯಲು ಶುರುವಾದಾಗ. ತಲೆಯ ಪಕ್ಕದಿಂದ ಇಳಿದು ಭುಜ ದಾಟಿ ಕಾಲಿನ ನಾಲ್ಕನೇ ಬೆರಳಿನವರೆಗೆ ಹೋಗುವ ಪಿತ್ತಕೋಶದ ಮೆರಿಡಿಯನ್, ಅಂದರೆ ಚೀನೀ ಶಾಸ್ತ್ರದ ಪ್ರಕಾರ ‘ಚಿ’ ಎಂಬ ಚೈತನ್ಯ ಹರಿಯುವ ಹಾದಿ. ಶ್ವಾಸಕೋಶವನ್ನು ಸ್ಕ್ಯಾನ್ ಮಾಡಿ ತೋರಿಸಬಹುದು. ಮೆರಿಡಿಯನ್ ಇದುವರೆಗೆ ಯಾವ ಸ್ಕ್ಯಾನ್‌ಗೂ, ಯಾವ ಚಾಕುವಿಗೂ ಸಿಕ್ಕಿಲ್ಲ. ಆದರೆ ಹೆಡ್‌ಸೆಟ್‌ನೊಳಗೆ ಎರಡಕ್ಕೂ ಒಂದೇ ಹೊಳಪು, ಒಂದೇ ಸ್ಪಷ್ಟತೆ. ಈ ತಂತ್ರಜ್ಞಾನದ ಬಗ್ಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಮಿಕ್ಸೆಡ್ ರಿಯಾಲಿಟಿ ಎಂಬ ಮಾತು ಹೊಸದೇನಲ್ಲ. ಪೂರ್ತಿ ನಿಜ ಒಂದು ತುದಿ, ಪೂರ್ತಿ ಕಲ್ಪಿತ ಇನ್ನೊಂದು ತುದಿ, ನಡುವೆ ಬೆರಕೆಯ ನಾನಾ ಹಂತಗಳು ಎಂದು ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ 1994ರಲ್ಲೇ ವಿಂಗಡಿಸಿದ್ದರು. ವರ್ಚುವಲ್ ರಿಯಾಲಿಟಿಯಲ್ಲಿ ಸುತ್ತಲಿನ ಕೋಣೆ ಮಾಯವಾಗುತ್ತದೆ. ಮಿಕ್ಸೆಡ್‌ನಲ್ಲಿ ಕೋಣೆ ಇದ್ದಲ್ಲೇ ಇರುತ್ತದೆ, ಅದರೊಳಗೆ ಇಲ್ಲದ ವಸ್ತು ಬಂದು ಕೂರುತ್ತದೆ, ನಾವು ಅತ್ತಿತ್ತ ಸರಿದರೂ ಜಾಗ ಬಿಡುವುದಿಲ್ಲ. ಕೈಯಲ್ಲಿ ನಿಜವಾದ ಸೂಜಿ ಹಿಡಿದು ನಿಜವಾದ ಮೈ ಮುಟ್ಟಿ ಕಲಿಯಬೇಕಾದ ವಿದ್ಯೆಗೆ ಎರಡನೆಯದೇ ಒಗ್ಗುತ್ತದೆ.

ಚೀನಾ ಈಗ ಇದರತ್ತ ವಾಲಿರುವುದಕ್ಕೆ ಕಾರಣ ಅರ್ಧ ಶಿಕ್ಷಣ, ಅರ್ಧ ಉದ್ಯಮ ನೀತಿ. 2017ರ ಜುಲೈಯಲ್ಲಿ ಜಾರಿಗೆ ಬಂದ ಸಾಂಪ್ರದಾಯಿಕ ವೈದ್ಯ ಕಾನೂನು ಈ ಪದ್ಧತಿಗೆ ಪಾಶ್ಚಾತ್ಯ ವೈದ್ಯದಷ್ಟೇ ಮಹತ್ವ ಕೊಡಬೇಕೆಂದಿತು. ಅದೇ ಹೊತ್ತಿಗೆ ಶಿಕ್ಷಣ ಸಚಿವಾಲಯ ವಿಶ್ವವಿದ್ಯಾಲಯಗಳಲ್ಲಿ ವರ್ಚುವಲ್ ಪ್ರಯೋಗಗಳಿಗೆ ರಾಷ್ಟ್ರಮಟ್ಟದ ಮಾನ್ಯತೆ ಕೊಡಲು ಶುರುಮಾಡಿತು. ಈ ಪ್ರಯೋಗಗಳಲ್ಲಿ ಹಲವು ಹೆಡ್‌ಸೆಟ್ ಬೇಡದೆ ಕಂಪ್ಯೂಟರಿನ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತವೆ ಎಂಬುದನ್ನು ಉತ್ಸಾಹದ ವರದಿಗಳು ಹೇಳುವುದು ಕಡಿಮೆ. 2022ರ ನವೆಂಬರ್‌ನಲ್ಲಿ ಐದು ಸರ್ಕಾರಿ ಇಲಾಖೆಗಳು ಸೇರಿ 2026ರವರೆಗಿನ ವರ್ಚುವಲ್ ರಿಯಾಲಿಟಿ ಕ್ರಿಯಾಯೋಜನೆ ಹೊರಡಿಸಿದವು: ಉದ್ಯಮದ ಗಾತ್ರ 350 ಶತಕೋಟಿ ಯುವಾನ್ ದಾಟಬೇಕು, 2.5 ಕೋಟಿ ಹೆಡ್‌ಸೆಟ್‌ಗಳು ಮಾರಾಟವಾಗಬೇಕು. ಅಷ್ಟೊಂದು ಹೆಡ್‌ಸೆಟ್ ಮಾರಬೇಕೆಂದರೆ ಕೊಳ್ಳುವವರು ಬೇಕಲ್ಲ, ತರಗತಿಗಳಿಗಿಂತ ಒಳ್ಳೆಯ ಗಿರಾಕಿ ಯಾರು? ಜಿಯಾಂಗ್‌ಶಿ ಪ್ರಾಂತದ ನಾನ್‌ಚಾಂಗ್ ನಗರದಲ್ಲಿ 2018ರಿಂದ ವಿಶ್ವ ವರ್ಚುವಲ್ ರಿಯಾಲಿಟಿ ಉದ್ಯಮ ಸಮ್ಮೇಳನ ನಡೆಯುತ್ತ ಬಂದಿದೆ. ಜಿಯಾಂಗ್‌ಶಿಯ ಚೀನೀ ವೈದ್ಯ ವಿಶ್ವವಿದ್ಯಾಲಯ ಇರುವುದೂ ಅದೇ ಊರಿನಲ್ಲಿ. ಹೀಗೆ ಎರಡೂ ಒಂದೇ ಊರಲ್ಲಿ ಇದ್ದಾಗ ಒಂದರ ಸರಕು ಇನ್ನೊಂದರ ಪ್ರಯೋಗಾಲಯಕ್ಕೆ ಬರುವುದು ಸಹಜ.

ಯಂತ್ರ ಮುಂದಿಟ್ಟುಕೊಂಡು ಸೂಜಿ ಕಲಿಸುವುದು ಚೀನಾಕ್ಕೆ ಇದೇ ಮೊದಲಲ್ಲ. ಸಾವಿರ ವರ್ಷದ ಹಿಂದೆ, 1027ರಲ್ಲಿ, ಸೊಂಗ್ ವಂಶದ ರೆನ್‌ಜೊಂಗ್ ಚಕ್ರವರ್ತಿಯ ಕಾಲದಲ್ಲಿ ವಾಂಗ್ ವೇಯಿಯಿ ಎಂಬ ಆಸ್ಥಾನ ವೈದ್ಯನ ಮೇಲ್ವಿಚಾರಣೆಯಲ್ಲಿ ಎರಡು ಕಂಚಿನ ಪುರುಷ ಪ್ರತಿಮೆಗಳನ್ನು ಎರಕ ಹೊಯ್ದರು. ಆಳೆತ್ತರದ ಪ್ರತಿಮೆ, ಒಳಗೆ ಪೊಳ್ಳು. ಮುಂಭಾಗ ಹಿಂಭಾಗ ಬಿಡಿಸಿ ತೆರೆದರೆ ಒಳಗೆ ಅಂಗಾಂಗಗಳೂ ಇದ್ದವು. ಮೈಮೇಲೆ 354 ಬಿಂದುಗಳ ಹೆಸರು, ಹೆಚ್ಚಿನವು ಎಡಬಲ ಎರಡೂ ಕಡೆ ಬರುವುದರಿಂದ ಒಟ್ಟು 657 ರಂಧ್ರ. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು ರಂಧ್ರಗಳನ್ನೆಲ್ಲ ಮುಚ್ಚುತ್ತಿದ್ದರು, ಒಳಗೆ ನೀರನ್ನೋ ಪಾದರಸವನ್ನೋ ತುಂಬುತ್ತಿದ್ದರು. ಅಭ್ಯರ್ಥಿ ಸರಿಯಾದ ಜಾಗಕ್ಕೆ ಚುಚ್ಚಿದರೆ ದ್ರವ ಹೊರಗೆ ಬರುತ್ತಿತ್ತು. ತಪ್ಪಿದರೆ ಸೂಜಿ ಕಂಚಿಗೆ ತಾಗಿ ನಿಲ್ಲುತ್ತಿತ್ತು. ಎರಡರಲ್ಲಿ ಒಂದು ಪ್ರತಿಮೆ ಆಸ್ಥಾನದ ವೈದ್ಯಶಾಲೆಗೆ, ಇನ್ನೊಂದು ರಾಜಧಾನಿ ಕೈಫೆಂಗ್‌ನ ದಾಶಿಯಾಂಗ್‌ಗುವೊ ದೇವಾಲಯಕ್ಕೆ. ಬಿಂದುಗಳ ವಿವರವನ್ನು ಕಲ್ಲಿನ ಮೇಲೂ ಕೆತ್ತಿಸಿದರು, ಪುಸ್ತಕಗಳನ್ನು ನಕಲು ಮಾಡುವವರ ಕೈತಪ್ಪು ಮುಂದಿನ ತಲೆಮಾರಿಗೆ ಹರಿಯದಿರಲಿ ಎಂದು.

ಆ ಪ್ರತಿಮೆ ಮಾಡಿದ್ದೇನು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ಮೊದಲು ಊರಿಗೊಂದು, ಗುರುವಿಗೊಂದು ಜಾಗ ಇದ್ದ ಬಿಂದುಗಳಿಗೆ ಸರ್ಕಾರದ ಮುದ್ರೆ ಬಿದ್ದು ಒಂದೇ ಜಾಗ ಗಟ್ಟಿಯಾಯಿತು. ದ್ರವ ಹೊರಬಂದರೆ ಪಾಸು, ಇಲ್ಲದಿದ್ದರೆ ಫೇಲು. ರೋಗಿಗೆ ಗುಣವಾಯಿತೇ ಎಂಬ ಪ್ರಶ್ನೆ ಆ ಪರೀಕ್ಷೆಯಲ್ಲಿ ಇರಲೇ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಇಂದಿನ ಹೆಡ್‌ಸೆಟ್ ಪಾಠಗಳಲ್ಲಿ ಬಿಂದು ಸರಿಯಾದರೆ ಹಸಿರು, ತಪ್ಪಿದರೆ ಕೆಂಪು ಎಂದು ಅಂಕ ಕೊಡುವಾಗ ನಡೆಯುವುದೂ ಅದೇ.

ಗಟ್ಟಿಯಾದ ಜಾಗವಾದರೂ ಎಷ್ಟು ಗಟ್ಟಿ? ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಕಚೇರಿ ಚೀನಾ, ಜಪಾನ್, ಕೊರಿಯಾದ ತಜ್ಞರನ್ನು ಕೂರಿಸಿ ವರ್ಷಗಟ್ಟಲೆ ಚರ್ಚೆ ನಡೆಸಿ 2008ರಲ್ಲಿ 361 ಬಿಂದುಗಳ ಮಾನಕ ಪಟ್ಟಿ ಪ್ರಕಟಿಸಿತು. ಆರು ಬಿಂದುಗಳ ವಿಷಯದಲ್ಲಿ ಕೊನೆಗೂ ಒಮ್ಮತ ಮೂಡಲಿಲ್ಲ. ಅವಕ್ಕೆ ಪರ್ಯಾಯ ಜಾಗವನ್ನೂ ಸೇರಿಸಿಯೇ ಅಚ್ಚುಹಾಕಬೇಕಾಯಿತು. ಅಂಗೈಯ ಲಾವ್‌ಗೊಂಗ್ ಅವುಗಳಲ್ಲೊಂದು. ಒಂದು ಪಕ್ಷದ ಪ್ರಕಾರ ಅದು ಎರಡನೇ ಮತ್ತು ಮೂರನೇ ಅಂಗೈ ಮೂಳೆಗಳ ನಡುವೆ, ಇನ್ನೊಂದರ ಪ್ರಕಾರ ಮೂರನೇ ಮತ್ತು ನಾಲ್ಕನೇ ಮೂಳೆಗಳ ನಡುವೆ. ಸಾಫ್ಟ್‌ವೇರ್ ಬರೆಯುವವನು ಎರಡರಲ್ಲಿ ಒಂದನ್ನು ಆರಿಸಿ ಚುಕ್ಕೆ ಇಡುತ್ತಾನೆ. ವಿದ್ಯಾರ್ಥಿಗೆ ಕಾಣುವುದು ಚುಕ್ಕೆ ಮಾತ್ರ, ಆಯ್ಕೆ ಕಾಣುವುದಿಲ್ಲ.

ಇನ್ನು ತರಗತಿಯೊಳಕ್ಕೆ ಬರೋಣ. ಸೂಜಿ ಹಿಡಿಯುವುದನ್ನು ಚೀನೀ ಕಾಲೇಜುಗಳಲ್ಲಿ ಇಂದಿಗೂ ಕಲಿಸುವುದು ಕಾಗದದ ಮೇಲೆ. ಮೆತ್ತನೆಯ ಕಾಗದವನ್ನು ಮಡಚಿ ಮಡಚಿ ಎರಡು ಮೂರು ಸೆಂಟಿಮೀಟರ್ ದಪ್ಪದ ಕಟ್ಟು ಮಾಡಿ ದಾರದಿಂದ ಬಿಗಿಯುತ್ತಾರೆ. ಕೂದಲೆಳೆಯಂಥ ಸೂಜಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಹಿಡಿದು, ಬಾಗದಂತೆ, ತಿರುಗಿಸುತ್ತ ಅದರೊಳಗೆ ಇಳಿಸಬೇಕು. ಬೆರಳಿಗೆ ಬಲ ಬಂದ ಮೇಲೆ ಬಟ್ಟೆ ಸುತ್ತಿದ ಹತ್ತಿಯ ಉಂಡೆ. ಆಮೇಲೆ ತನ್ನದೇ ಕಾಲು, ಕೊನೆಗೆ ಪಕ್ಕದವನ ಕೈ. ತನ್ನ ಕಾಲಿಗೆ ಮೊದಲು ಚುಚ್ಚಿಕೊಳ್ಳುವ ಜಾಗ ಹೆಚ್ಚಾಗಿ ತ್ಸುಸಾನ್ಲಿ: ಮಂಡಿಚಿಪ್ಪಿನ ಕೆಳಗಿನ ಹೊರಗುಳಿಯಿಂದ ನಾಲ್ಕು ಬೆರಳಗಲ ಕೆಳಗೆ, ಮೊಳಕಾಲಿನ ಮುಂದಿನ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ.

ಆ ನಾಲ್ಕು ಬೆರಳು ಯಾರದು? ರೋಗಿಯದು, ವೈದ್ಯನದಲ್ಲ. ಚೀನೀ ವೈದ್ಯದ ಅಳತೆ ‘ತ್ಸುನ್’ ಸೆಂಟಿಮೀಟರಿನಂತೆ ಎಲ್ಲರಿಗೂ ಒಂದೇ ಅಲ್ಲ. ರೋಗಿಯ ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಸೇರಿಸಿದರೆ ಮೂರು. ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಮಡಿಕೆಗೆ ಹನ್ನೆರಡು, ಮಗುವಿಗೂ ಹನ್ನೆರಡು, ಪೈಲ್ವಾನನಿಗೂ ಹನ್ನೆರಡು. ಅಂದರೆ ಬಿಂದು ಹುಡುಕುವುದು ಆಯಾ ಮೈಯ ಪ್ರಮಾಣವನ್ನು ಓದುವ ಕೆಲಸ. ಕಂಪ್ಯೂಟರ್ ನಿಜಕ್ಕೂ ಚೆನ್ನಾಗಿ ಮಾಡಬಹುದಾದ ಕೆಲಸವೂ ಇದೇ. ಕ್ಯಾಮೆರಾ ಮೊಣಕೈಯನ್ನೂ ಮಣಿಕಟ್ಟನ್ನೂ ಗುರುತಿಸಿದರೆ ನಡುವಿನ ದೂರವನ್ನು ಹನ್ನೆರಡು ಪಾಲು ಮಾಡುವುದು ಅದಕ್ಕೆ ಲೆಕ್ಕವೇ ಅಲ್ಲ. ಮುಖದ ವಿಷಯದಲ್ಲಂತೂ ದುಬಾರಿ ಹೆಡ್‌ಸೆಟ್ ಕೂಡ ಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಸಂಶೋಧಕರು 2021ರಲ್ಲಿ ತೋರಿಸಿದ ವ್ಯವಸ್ಥೆ ಗೂಗಲ್‌ನ ಮೀಡಿಯಾಪೈಪ್ ಎಂಬ ಮುಕ್ತ ಸಾಧನದ ನೆರವಿನಿಂದ ಮುಖದ ಮತ್ತು ಕಿವಿಯ ಬಿಂದುಗಳನ್ನು ಕ್ಯಾಮೆರಾದ ಚಿತ್ರದ ಮೇಲೇ ಮೂಡಿಸುತ್ತಿತ್ತು.

ಚುಚ್ಚಿದಾಗಿನ ಅನುಭವವನ್ನು ನಕಲು ಮಾಡುವ ಯತ್ನ ಇದಕ್ಕಿಂತ ಹಳೆಯದು. ಹಾಂಗ್‌ಕಾಂಗ್‌ನ ಚೈನೀಸ್ ಯೂನಿವರ್ಸಿಟಿಯ ತಂಡ 2006ರಲ್ಲೇ ಒಂದು ತರಬೇತಿ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಪರದೆಯ ಮೇಲೆ ಮೂರು ಆಯಾಮದ ದೇಹ, ಕೈಯಲ್ಲಿ ಪೆನ್ನಿನಂಥ ಸಾಧನ. ಅದನ್ನು ಒತ್ತಿದರೆ ಯಂತ್ರ ತಿರುಗಿ ತಳ್ಳುತ್ತಿತ್ತು: ಚರ್ಮಕ್ಕೆ ಒಂದು ಬಗೆಯ ಪ್ರತಿರೋಧ, ಸ್ನಾಯುವಿಗೆ ಇನ್ನೊಂದು, ಮೂಳೆಗೆ ತಾಗಿದರೆ ಪೂರ್ತಿ ತಡೆ. ಹೆಡ್‌ಸೆಟ್ ಮೂಡಿಸುವ ಇಂದಿನ ಹೊಳೆಯುವ ಹೊಲೊಗ್ರಾಮ್‌ಗಳಿಗಿಂತ, ಅಂದರೆ ಬೆಳಕಿನ ಚಿತ್ರಗಳಿಗಿಂತ, ಆ ಬಡಕಲು ಪರದೆಯ ಯಂತ್ರ ಒಂದು ವಿಷಯದಲ್ಲಿ ಮುಂದಿತ್ತು ಎಂದೇ ನನಗನಿಸುತ್ತದೆ. ಸೂಜಿ ವಿದ್ಯೆ ಕಣ್ಣಿಗಿಂತ ಬೆರಳಿನದು ಎಂಬುದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ಬೆರಳಿನದು ಎಂದೆ. ಸೂಜಿ ಸರಿಯಾದ ಆಳಕ್ಕೆ ಹೋದಾಗ ರೋಗಿಗೆ ಭಾರ, ಜುಮ್ಮೆನ್ನುವಿಕೆ, ಉಬ್ಬಿದಂಥ ಅನುಭವ ಆಗಬೇಕು, ವೈದ್ಯನ ಬೆರಳಿಗೆ ಸೂಜಿಯನ್ನು ಯಾರೋ ಒಳಗಿನಿಂದ ಮೆಲ್ಲಗೆ ಹಿಡಿದುಕೊಂಡ ಹಾಗೆ ತಿಳಿಯಬೇಕು. ಇದನ್ನು ‘ದೆಚಿ’ ಎನ್ನುತ್ತಾರೆ, ಚಿಕಿತ್ಸೆಯ ಪ್ರಾಣ ಇದೇ ಎಂಬುದು ಸಂಪ್ರದಾಯದ ನಂಬಿಕೆ. ಹೆಡ್‌ಸೆಟ್ ಇದನ್ನು ತೋರಿಸಲಾರದು. ಸೆನ್ಸರ್ ಹಾಕಿದ ಸಿಲಿಕೋನ್ ತೋಳಿನ ಮೇಲೆ ಹೊಲೊಗ್ರಾಮ್ ಹೊದಿಸುವ ಬೆರಕೆ ಮಾದರಿಗಳು ಅರ್ಧ ದಾರಿಗೆ ಬರುತ್ತವೆ. ಆದರೆ ಸಿಲಿಕೋನ್‌ಗೆ ನೋವಿಲ್ಲ, ಅದು ಹುಬ್ಬು ಗಂಟಿಕ್ಕುವುದಿಲ್ಲ, ‘ಅಯ್ಯೋ ತೆಗೀರಿ’ ಎನ್ನುವುದೂ ಇಲ್ಲ.

ಕಣ್ಣಿನ ವಿಷಯದಲ್ಲೂ ಒಂದು ತೊಡಕಿದೆ. ಅದು ಜಾಹೀರಾತಿನ ವಿಡಿಯೊಗಳಲ್ಲಿ ಗೊತ್ತಾಗುವುದಿಲ್ಲ, ಹಾಕಿಕೊಂಡು ಅರ್ಧ ಗಂಟೆ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ. ಈ ಕ್ಷೇತ್ರದ ಪ್ರಯೋಗಗಳಲ್ಲಿ ಬಹಳ ಬಳಕೆಯಾದ ಮೈಕ್ರೋಸಾಫ್ಟ್‌ನ ಹೋಲೊಲೆನ್ಸ್‌ನಲ್ಲಿ ಚಿತ್ರದ ಫೋಕಸ್ ಸುಮಾರು 2 ಮೀಟರ್ ದೂರಕ್ಕೆ ಸ್ಥಿರವಾಗಿದೆ. ಹೊಲೊಗ್ರಾಮ್‌ಗಳನ್ನು 1.25 ಮೀಟರ್‌ಗಿಂತ ಆಚೆ ಇಡುವುದು ಒಳ್ಳೆಯದೆಂದು ಕಂಪನಿಯೇ ಸಲಹೆ ಕೊಡುತ್ತದೆ. ಸೂಜಿ ಹಾಕುವ ಕೆಲಸವೋ ತೋಳಳತೆಯೊಳಗೆ, ಅರ್ಧ ಮೀಟರ್ ಆಸುಪಾಸಿನಲ್ಲಿ. ನಿಜವಾದ ಚರ್ಮದ ಮೇಲೆ ಕಣ್ಣು ನೆಟ್ಟರೆ ಚುಕ್ಕೆ ಮಸುಕು, ಚುಕ್ಕೆಯ ಮೇಲೆ ನೆಟ್ಟರೆ ಚರ್ಮ ಮಸುಕು. ಇದರ ಮೇಲೆ ಹೊಂದಾಣಿಕೆಯ ಸಮಸ್ಯೆ. ಮೂಳೆ ಅಲ್ಲಾಡದಿದ್ದರೂ ತೋಳು ತಿರುಗಿಸಿದರೆ ಚರ್ಮ ಅದರ ಮೇಲೆ ಜಾರುತ್ತದೆ. ಉಸಿರಾಡಿದರೆ ಬೆನ್ನು ಏರಿಳಿಯುತ್ತದೆ. ಹೊಲೊಗ್ರಾಮ್ ಕೆಲವೇ ಮಿಲಿಮೀಟರ್ ಸರಿದರೂ ಮುಂದೋಳಿನ ನೇಗ್ವಾನ್‌ನಂಥ ಬಿಂದುವಿನಲ್ಲಿ ವ್ಯತ್ಯಾಸ ದೊಡ್ಡದು. ಅಲ್ಲಿ ಸೂಜಿ ಹೋಗಬೇಕಾದ್ದು ಮಣಿಕಟ್ಟಿನಿಂದ ಎರಡು ತ್ಸುನ್ ಮೇಲೆ, ಎರಡು ಸ್ನಾಯುರಜ್ಜುಗಳ ನಡುವಿನ ಸಂದಿಯಲ್ಲಿ. ಆ ಸಂದಿಯ ಕೆಳಗೇ ಮೀಡಿಯನ್ ನರ ಹಾದುಹೋಗುತ್ತದೆ. ಬೆರಳಿನಿಂದ ಒತ್ತಿ ಸಂದಿಯನ್ನು ಹುಡುಕುವ ಅಭ್ಯಾಸ ಇಲ್ಲದ ವಿದ್ಯಾರ್ಥಿ, ಸರಿದ ಚುಕ್ಕೆಯನ್ನೇ ನಂಬಿದರೆ?

ಈಗ ಹೊಳೆಯುವ ಗೆರೆಯ ವಿಷಯ. ಬಿಂದುವಿನ ಮಿಲಿಮೀಟರ್ ನಿಖರತೆಗೆ ಇಷ್ಟು ದುಡ್ಡು ಸುರಿಯುವ ಮೊದಲು ಅದರಿಂದ ರೋಗಿಗೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಕೇಳಬೇಕು. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವೇ ಅಲ್ಲದ ಕಡೆ ಮೇಲುಮೇಲೆ ಚುಚ್ಚಿದ ಸೂಜಿ, ಮೂರನೆಯದಕ್ಕೆ ಮಾಮೂಲಿ ಮಾತ್ರೆ-ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಕ್ರಮವಾಗಿ 47.6, 44.2 ಮತ್ತು 27.4 ಶೇಕಡಾ. ಸೂಜಿ ಚುಚ್ಚಿಸಿಕೊಂಡವರಿಗೆ ಲಾಭವಾಯಿತು, ಎಲ್ಲಿ ಚುಚ್ಚಿದರು ಎಂಬುದು ಹೆಚ್ಚುಕಡಿಮೆ ಲೆಕ್ಕಕ್ಕೆ ಬರಲಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಹಲವು ಪ್ರಯೋಗಗಳ ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ಬಂದ ವಿಶ್ಲೇಷಣೆ, ನೋವಿನ ಕಾಯಿಲೆಗಳಲ್ಲಿ ನಿಜವಾದ ಸೂಜಿಗೂ ಹುಸಿ ಸೂಜಿಗೂ ಸಣ್ಣದಾದರೂ ಅಂತರ ಇದೆಯೆಂದಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೂ, ಚುಕ್ಕೆ ಒಂದು ಮಿಲಿಮೀಟರ್ ಆಚೀಚೆಯಾದರೆ ಚಿಕಿತ್ಸೆ ಕೆಡುತ್ತದೆ ಎಂಬ ಹೆಡ್‌ಸೆಟ್ ಮಾರಾಟಗಾರರ ಧಾಟಿಗೆ ಆಧಾರ ಸಿಗುವುದಿಲ್ಲ. ಶ್ವಾಸಕೋಶಕ್ಕೆ ತಾಗಬಾರದು, ನರಕ್ಕೆ ತಾಗಬಾರದು ಎಂಬಲ್ಲಿ ಮಿಲಿಮೀಟರಿಗೆ ಬೆಲೆಯಿದೆ. ಆ ಬೆಲೆ ಅಂಗರಚನೆಯಿಂದ ಬಂದದ್ದು, ಮೆರಿಡಿಯನ್‌ನಿಂದ ಅಲ್ಲ.

ಹಾಗಾದರೆ ಮೆರಿಡಿಯನ್ ಕಲಿಸಲೇಬಾರದೇ? ಹಾಗಲ್ಲ. ಅದಿಲ್ಲದೆ ಈ ವೈದ್ಯದ ಗ್ರಂಥಗಳೂ ಅರ್ಥವಾಗುವುದಿಲ್ಲ, ವೈದ್ಯರ ನಡುವಿನ ಮಾತೂ ಅರ್ಥವಾಗುವುದಿಲ್ಲ. 361 ಬಿಂದುಗಳನ್ನು ನೆನಪಿಟ್ಟುಕೊಳ್ಳಲು ಹದಿನಾಲ್ಕು ದಾರಿಗಳ ನಕ್ಷೆ ಒಳ್ಳೆಯ ಉಪಾಯವೂ ಹೌದು. ನನ್ನ ಆಕ್ಷೇಪ ಅದನ್ನು ಬಿಡಿಸುವ ರೀತಿಗೆ. ಹಳೆಯ ಪಟಗಳಲ್ಲಿ ಮೆರಿಡಿಯನ್ ಕಪ್ಪು ಶಾಯಿಯ ಗೆರೆ, ನೋಡಿದವನಿಗೆ ಇದು ಬರೆದದ್ದು ಎಂದು ತಾನಾಗಿ ಗೊತ್ತಾಗುತ್ತಿತ್ತು. ಹೆಡ್‌ಸೆಟ್‌ನಲ್ಲಿ ಅದೇ ಗೆರೆ ಜೀವಂತ ವ್ಯಕ್ತಿಯ ಮೈಮೇಲೆ, ಧಮನಿಯ ಪಕ್ಕದಲ್ಲಿ, ಕಣ ಕಣವಾಗಿ ಹರಿಯುತ್ತ ಕಾಣಿಸುತ್ತದೆ. ಹದಿನೆಂಟು ವರ್ಷದ ವಿದ್ಯಾರ್ಥಿ ಎರಡನ್ನೂ ಒಂದೇ ದಿನ ನೋಡಿದರೆ ಎರಡೂ ಒಂದೇ ಬಗೆಯ ಸತ್ಯವಾಗಿ ಮನಸ್ಸಿನಲ್ಲಿ ಕೂರುತ್ತವೆ. ಪರಿಹಾರ ಕಷ್ಟದ್ದೇನಲ್ಲ, ಖರ್ಚಿನದೂ ಅಲ್ಲ. ಸ್ಕ್ಯಾನ್‌ನಿಂದ ಬಂದ ಪದರಕ್ಕೆ ಒಂದು ರೂಪ, ಗ್ರಂಥದಿಂದ ಬಂದ ಪದರಕ್ಕೆ ಬೇರೆಯದೇ ರೂಪ ಕೊಡಬೇಕು; ಚಲಿಸದ ಚುಕ್ಕೆ ಗೆರೆ, ಶಾಯಿಯ ಬಣ್ಣ, ಬೇಡವೆಂದಾಗ ಆರಿಸುವ ಗುಂಡಿ. ವಿವಾದದ ಆರು ಬಿಂದುಗಳಲ್ಲಿ ಎರಡೂ ಜಾಗ ತೋರಿಸಬೇಕು. ತಂತ್ರಜ್ಞರಿಗೆ ಇದು ಒಂದು ದಿನದ ಕೆಲಸ. ಮಾಡದಿರುವುದಕ್ಕೆ ಕಾರಣ ತಾಂತ್ರಿಕವಲ್ಲ.

ಆಕ್ಯುಪಂಕ್ಚರ್ ಆಚೆಗೆ ಹೋದಷ್ಟೂ ಹೆಡ್‌ಸೆಟ್‌ನ ಕೈ ಕಟ್ಟುತ್ತದೆ. ನಾಡಿ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಮಣಿಕಟ್ಟಿನ ಮೇಲೆ ಮೂರು ಬೆರಳು, ಮೂರು ಜಾಗ, ಹಗುರ-ಮಧ್ಯಮ-ಆಳ ಎಂದು ಒತ್ತಡದ ಮೂರು ಹಂತ. ಚೀನೀ ವೈದ್ಯ ಲಿ ಶಿಜೆನ್ 1564ರಲ್ಲಿ 27 ಬಗೆಯ ನಾಡಿಗಳನ್ನು ವಿವರಿಸಿದ. ತಟ್ಟೆಯಲ್ಲಿ ಉರುಳುವ ಮುತ್ತಿನಂತೆ ಜಾರುವ ನಾಡಿ, ಬಿಗಿದ ತಂತಿಯಂಥ ನಾಡಿ ಎಂಬ ವರ್ಣನೆಗಳು ಇಂದಿಗೂ ಪಠ್ಯದಲ್ಲಿವೆ. ಹೆಡ್‌ಸೆಟ್ ಮಣಿಕಟ್ಟಿನ ಮೇಲೆ ಅಲೆಯ ಚಿತ್ರ ಮೂಡಿಸಬಹುದು. ಅಲೆ ನೋಡಿ ಬಂದ ತಿಳಿವಳಿಕೆ ಬೆರಳಿಗೆ ಇಳಿಯುತ್ತದೆಯೇ ಎಂಬುದು ಬೇರೆ ಮಾತು. ಒಬ್ಬನೇ ರೋಗಿಯ ನಾಡಿಯನ್ನು ಬೇರೆ ಬೇರೆ ವೈದ್ಯರು ಬೇರೆ ಬೇರೆಯಾಗಿ ಓದುತ್ತಾರೆಂದು ಹಲವು ಅಧ್ಯಯನಗಳು ಹೇಳಿರುವಾಗ, ಯಾವ ವೈದ್ಯನ ಓದನ್ನು ಯಂತ್ರಕ್ಕೆ ಹಾಕಬೇಕು? ನಾಲಿಗೆಯ ಪರೀಕ್ಷೆಯಲ್ಲಿ ತಿಳಿಗೆಂಪು, ಗಾಢ ಕೆಂಪು, ಬಿಳಿಚು ಎಂಬ ವ್ಯತ್ಯಾಸವೇ ಎಲ್ಲ. ಕ್ಯಾಮೆರಾದ ಮೂಲಕ ಹೊರಗಿನ ಲೋಕ ತೋರಿಸುವ ಹೆಡ್‌ಸೆಟ್‌ಗಳಲ್ಲಿ ಕೋಣೆಯ ಬೆಳಕು ಸ್ವಲ್ಪ ಕಡಿಮೆಯಾದರೂ ಬಣ್ಣ ಕೆಡುತ್ತದೆ.

ಗಿಡಮೂಲಿಕೆ ಗುರುತಿಸುವ ಪಾಠಕ್ಕೂ ಇದನ್ನು ತರುತ್ತಿದ್ದಾರೆ. ಹಸಿರು ತೋಟದಲ್ಲಿ ನಡೆದಂತೆ, ಬೇರು ಕಿತ್ತಂತೆ, ಕತ್ತರಿಸಿದಂತೆ. ನೋಡಲು ಸೊಗಸು. ಒಣಗಿದ ಬೇರಿನ ತುಂಡುಗಳನ್ನು ಗುರುತಿಸುವ ಹಳೆಯ ಪದ್ಧತಿ ಮಾತ್ರ ಬೇರೆ: ಕಣ್ಣಲ್ಲಿ ನೋಡು, ಕೈಯಲ್ಲಿ ಮುಟ್ಟು, ಮೂಸು, ನಾಲಿಗೆಗೆ ಹಚ್ಚು, ನೀರಿಗೆ ಹಾಕು, ಬೆಂಕಿಗೆ ಹಿಡಿ. ಆರರಲ್ಲಿ ಹೆಡ್‌ಸೆಟ್‌ಗೆ ದಕ್ಕುವುದು ಒಂದು. ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಔಷಧಗಳಲ್ಲಿ ಫಾಂಗ್‌ಜಿ ಎಂಬ ಹೆಸರಿನ ಸ್ಟೆಫಾನಿಯಾ ಬೇರಿನ ಬದಲು ಅದೇ ಹೆಸರು ಹಂಚಿಕೊಂಡ ಅರಿಸ್ಟೊಲೋಕಿಯಾ ಬೇರು ಸೇರಿಹೋಯಿತು. ನೂರಕ್ಕೂ ಹೆಚ್ಚು ಜನರ, ಹೆಚ್ಚಾಗಿ ಹೆಂಗಸರ, ಮೂತ್ರಪಿಂಡ ಹಾಳಾಯಿತು. ಕೆಲವರಿಗೆ ಕ್ಯಾನ್ಸರ್ ಬಂತು. ಅಲ್ಲಿ ಬೇರು ಪುಡಿಯಾಗಿ ಬಂದಿತ್ತು. ಚಿತ್ರ ನೋಡಿ ಗಿಡ ಹೇಳುವ ವಿದ್ಯೆಯಿಂದ ಅದನ್ನು ತಡೆಯಲು ಆಗುತ್ತಿರಲಿಲ್ಲ, ರಾಸಾಯನಿಕ ಪರೀಕ್ಷೆ ಬೇಕಿತ್ತು.

ದುಡ್ಡಿನ ಮಾತು ಚಿಕ್ಕದಾಗಿ. ಹೋಲೊಲೆನ್ಸ್ 2 ಬಿಡುಗಡೆಯಾದಾಗ 3,500 ಡಾಲರ್. 2024ರಲ್ಲಿ ಮೈಕ್ರೋಸಾಫ್ಟ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಅದಕ್ಕೆಂದೇ ಪಾಠ ಬರೆಸಿಕೊಂಡ ಕಾಲೇಜುಗಳೆಲ್ಲ ಈಗ ಬೇರೆ ಯಂತ್ರ ಹುಡುಕಬೇಕು. ಆ್ಯಪಲ್‌ನ ವಿಷನ್ ಪ್ರೊ ಅದೇ ವರ್ಷ ಜೂನ್‌ನಲ್ಲಿ ಚೀನಾಕ್ಕೆ ಬಂದದ್ದು 29,999 ಯುವಾನ್‌ಗೆ. ಮೂವತ್ತು ಮಂದಿಯ ತರಗತಿಗೆ ಲೆಕ್ಕ ಹಾಕಿ ನೋಡಿ. ಬೈಟ್‌ಡ್ಯಾನ್ಸ್ ಒಡೆತನದ ಪೀಕೊದಂಥ ದೇಶೀ ಹೆಡ್‌ಸೆಟ್‌ಗಳು ಎಷ್ಟೋ ಅಗ್ಗ, ಮುಂದಿನ ಪಾಠಗಳು ಅವುಗಳ ಮೇಲೇ ಓಡುತ್ತವೆ ಎಂದು ಊಹಿಸಬಹುದು. ಪಠ್ಯಪುಸ್ತಕ ಹತ್ತು ವರ್ಷ ಬಾಳುತ್ತದೆ, ಕಾಗದದ ಕಟ್ಟಿಗೆ ಅಪ್‌ಡೇಟ್ ಬೇಡ.

ನಮ್ಮ ಕಡೆಗೂ ಇದು ಪೂರ್ತಿ ಹೊರಗಿನ ಸುದ್ದಿಯಲ್ಲ. ಉಜಿರೆಯಂಥ ಕಡೆಗಳಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಓದುವ ಕರ್ನಾಟಕದ ವಿದ್ಯಾರ್ಥಿಗಳು ಆಕ್ಯುಪಂಕ್ಚರ್ ಅನ್ನು ಪಾಠವಾಗಿಯೇ ಕಲಿಯುತ್ತಾರೆ, ಇದೇ ತ್ಸುಸಾನ್ಲಿ, ಇದೇ ನೇಗ್ವಾನ್. ಆಯುರ್ವೇದ ಕಾಲೇಜುಗಳಲ್ಲಿ 107 ಮರ್ಮಗಳ ಪಾಠವಿದೆ, ನಾಡಿ ಪರೀಕ್ಷೆಯಿದೆ. ಶಸ್ತ್ರವಿದ್ಯೆ ಕಲಿಯುವವನು ಮೊದಲು ಕುಂಬಳಕಾಯಿ, ಸೋರೆಕಾಯಿಗಳ ಮೇಲೆ ಕೊಯ್ಯುವುದನ್ನು, ತಾವರೆಯ ದಂಟಿನ ಮೇಲೆ ಚುಚ್ಚುವುದನ್ನು ಅಭ್ಯಾಸ ಮಾಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಮರ್ಮಗಳನ್ನು ಹೊಲೊಗ್ರಾಮ್‌ನಲ್ಲಿ ತೋರಿಸುವ ಆ್ಯಪ್ ಹೊತ್ತು ನಾಳೆ ಯಾರಾದರೂ ನಮ್ಮ ಕಾಲೇಜುಗಳ ಬಾಗಿಲು ತಟ್ಟಿದರೆ, ಚೀನಾದ ಅನುಭವದಿಂದ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಯಾವ ಪದರ ಎಲ್ಲಿಂದ ಬಂತು ಎಂಬುದು ವಿದ್ಯಾರ್ಥಿಗೆ ಕಾಣುತ್ತದೆಯೇ?

ಎರಡನೆಯದು ಪರೀಕ್ಷೆಯ ಪ್ರಶ್ನೆ. ಈ ಕ್ಷೇತ್ರದಲ್ಲಿ ಬರುವ ಅಧ್ಯಯನಗಳು ಸಾಮಾನ್ಯವಾಗಿ ಸಣ್ಣ ಗುಂಪಿನವು. ವಿದ್ಯಾರ್ಥಿಗಳಿಗೆ ಇಷ್ಟವಾಯಿತೇ, ಆಸಕ್ತಿ ಹೆಚ್ಚಿತೇ, ಪಾಠ ಮುಗಿದೊಡನೆ ಎಷ್ಟು ಬಿಂದು ನೆನಪಿತ್ತು ಎಂಬುದನ್ನು ಅಳೆಯುತ್ತವೆ. ಹೊಸ ಆಟಿಕೆ ಯಾರಿಗೆ ಇಷ್ಟವಾಗುವುದಿಲ್ಲ? ಬೇಕಾದ ಅಳತೆ ಇನ್ನೊಂದು. ಒಂದು ಗುಂಪು ಹೆಡ್‌ಸೆಟ್‌ನಲ್ಲಿ ಕಲಿಯಲಿ, ಇನ್ನೊಂದು ಕಾಗದದ ಕಟ್ಟು, ಪಟ, ಗುರುವಿನ ಕೈ ಇಷ್ಟರಲ್ಲೇ ಕಲಿಯಲಿ. ಆರು ತಿಂಗಳು ಕಳೆಯಲಿ. ಆಮೇಲೆ ಇಬ್ಬರಿಗೂ ಹೆಡ್‌ಸೆಟ್ ಕೊಡದೆ, ಒಬ್ಬ ದಪ್ಪ ಮನುಷ್ಯನ ಭುಜದ ಮೇಲೂ ಒಬ್ಬ ಸಣಕಲನ ಭುಜದ ಮೇಲೂ ಜಿಯಾನ್‌ಜಿಂಗ್ ಗುರುತಿಸಲು ಹೇಳಬೇಕು, ಸೂಜಿ ಯಾವ ಕೋನದಲ್ಲಿ ಎಷ್ಟು ಆಳಕ್ಕೆ ಇಳಿಸುತ್ತೀರಿ ಎಂದು ಬರೆಸಿಕೊಳ್ಳಬೇಕು. ಶ್ವಾಸಕೋಶ ಅಲ್ಲಿಂದ ಎಷ್ಟು ದೂರವಿದೆ ಎಂಬುದನ್ನು ಅಲ್ಟ್ರಾಸೌಂಡ್ ಹೇಳುತ್ತದೆ. ಆ ಯಂತ್ರ ಎಲ್ಲ ಬೋಧನಾ ಆಸ್ಪತ್ರೆಗಳಲ್ಲೂ ಈಗಾಗಲೇ ಇದೆ.